ಸರೋಜಳ ಗಂಟು, ನನ್ನ ಮೂಗು

ಮೊನ್ನೆ ರಾಮಕೃಷ್ಣನಗರದ ಸರ್ಕಲ್ಲಿನಲ್ಲಿ ಹೂವು ಕೊಳ್ಳಲು ನಿಂತಿದ್ದೆ. ಬಿಸಿಲು ಜೋರಾಗಿತ್ತು. ಬೆವರು ಒರೆಸಿಕೊಳ್ಳೋಣವೆಂದು ಜೇಬಿನಿಂದ ಕರ್ಚೀಫು ಎಳೆದರೆ ಅದರ ಜೊತೆಗೆ ಇನ್ನೇನೋ ಎದ್ದು ಬಂದು ಹೂವಿನ ಪುಟ್ಟಮ್ಮನ ಬುಟ್ಟಿಯೊಳಗೆ ಬಿತ್ತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ, ಹಸಿರು ಬಟ್ಟೆಯ ಪುಟ್ಟ ದಿಂಬು. ಪುಟ್ಟಮ್ಮ ಅದನ್ನೆತ್ತಿ ಮೂಗಿಗೆ ಹಿಡಿದಳು.

"ಇದೇನ್ ಸಾ, ಬೀರುನೇ ಜೇಬಲ್ಲಿ ಮಡಿಕೊಂಡು ಓಡಾಡ್ತಿದ್ದೀರಲ್ಲ!"

ಪಕ್ಕದಲ್ಲಿ ನಿಂತವರೆಲ್ಲ ನಕ್ಕರು. ನಾನೂ ನಕ್ಕು, ಹೂವಿನ ದುಡ್ಡು ಕೊಟ್ಟು, ದಿಂಬು ವಾಪಸ್ಸು ಕೊಡಮ್ಮ ಎಂದು ಕೈ ಚಾಚಿದೆ. "ಇದ್ನ ನಂಗೇ ಕೊಟ್ಬುಡಿ ಸಾ. ದಿನವೆಲ್ಲ ಮಲ್ಗೆ ವಾಸ್ನೆ ಕುಡ್ದು ಕುಡ್ದು ಸಾಕಾಗದೆ" ಎಂದವಳೇ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡುಬಿಟ್ಟಳು. ಹೂವು ಮಾರುವವಳಿಗೇ ಪರಿಮಳ ದಾನ ಮಾಡಿದ ಗತ್ತಿನಲ್ಲಿ ಮನೆಯ ಕಡೆ ನಡೆಯುವಾಗ, ಆ ದಿಂಬಿನ ಹಿಂದಿನ ಕಥೆಯೆಲ್ಲ ನೆನಪಾಗಿ ಒಬ್ಬನೇ ರಸ್ತೆಯಲ್ಲಿ ಎರಡು ಸಲ ನಕ್ಕೆ. ಎದುರಿಗೆ ಬಂದ ವಾಕಿಂಗ್ ಗೆಳೆಯರೊಬ್ಬರು ನನ್ನನ್ನು ಅನುಮಾನದಿಂದ ನೋಡಿದರು. ಅವರಿಗೆ ಹೇಳಲಾಗಲಿಲ್ಲ. ನಿಮಗೆ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಅದಕ್ಕೆ 'ವಾಸನೆ ಗಂಟು' ಎಂದು ಹೆಸರು. ರೇಷ್ಮೆ ಸೀರೆಗಳ ಮಡಿಕೆಯೊಳಗೆ, ನನ್ನ ಶರಟುಗಳ ಸಂದಿಯಲ್ಲಿ, ಟವೆಲ್ಲು ಇಡುವ ಖಾನೆಯಲ್ಲಿ, ಕಡೆಗೆ ಕರೆಂಟು ಬಿಲ್ಲು ಹಾಕುವ ಡ್ರಾಯರಿನಲ್ಲೂ ಒಂದೊಂದು ಗಂಟು ಮಲಗಿರುತ್ತದೆ. ಮಾಡುವವಳು ನನ್ನ ಹೆಂಡತಿ ಸರೋಜ. ಅವಳಿಗೆ ಕಲಿಸಿದ್ದು ಅವಳ ತಾಯಿ. ಲಾವಂಚದ ಬೇರು, ಕಚೋರ, ಜಟಾಮಾಂಸಿ, ಒಣಗಿದ ದವನ, ನಾಲ್ಕು ಲವಂಗ, ಏಲಕ್ಕಿ ಸಿಪ್ಪೆ, ಚಿಟಿಕೆ ಪಚ್ಚಕರ್ಪೂರ. ಎಲ್ಲವನ್ನೂ ತರಿತರಿಯಾಗಿ ಕುಟ್ಟಿ, ಹಳೆಯ ಪಂಚೆಯ ಬಟ್ಟೆಯಲ್ಲಿ ತುಂಬಿ, ಮೇಲೊಂದು ಚೆಂದದ ಬಟ್ಟೆಯ ಹೊದಿಕೆ ಹೊಲಿದರೆ ಮುಗಿಯಿತು. ಬೀರುವಿನ ಬಾಗಿಲು ತೆರೆದರೆ ಯಾರೋ ಬಂಧುಗಳು ಒಳಗಿಂದ ಎದ್ದು ಬಂದು ಮಾತಾಡಿಸಿದ ಹಾಗೆ ಇರುತ್ತದೆ.

ನಾನು ಹುಟ್ಟಿ ಬೆಳೆದ ಮನೆಯಲ್ಲಿ ಬೀರುವೇ ಇರಲಿಲ್ಲ, ಇನ್ನು ಗಂಟು ಎಲ್ಲಿಂದ ಬರಬೇಕು? ನಂಜನಗೂಡಿನ ಕಡೆಯ ಸಣ್ಣ ಊರು ನಮ್ಮದು. ಬೇಸಾಯದ ಮನೆ. ಒಳ್ಳೆ ಬಟ್ಟೆಗಳಿಗೆಲ್ಲ ಇದ್ದದ್ದು ಒಂದು ತಗಡಿನ ಟ್ರಂಕು. ನುಸಿ ಬರಬಾರದೆಂದು ಅವ್ವ ಅದರೊಳಗೆ ಬೇವಿನ ಸೊಪ್ಪು ತುಂಬಿಡುತ್ತಿದ್ದಳು. ಹಬ್ಬದ ಮರುದಿನ ಆ ಟ್ರಂಕಿನ ಅಂಗಿ ತೊಟ್ಟು ಸ್ಕೂಲಿಗೆ ಹೋದರೆ, ಪಕ್ಕದಲ್ಲಿ ಕೂರುತ್ತಿದ್ದ ಸಿದ್ದರಾಜು ಮೂಗು ಮುಚ್ಚಿಕೊಂಡು "ಮೇಷ್ಟ್ರೇ, ಇವ್ನ ಮೈಗೆ ಸೀತಾಳೆ ಆಗದೆ" ಎಂದು ಚಾಡಿ ಹೇಳುತ್ತಿದ್ದ. ಸೀತಾಳೆ ಎಂದರೆ ಸಿಡುಬು. ಸಿಡುಬು ಬಂದವರನ್ನು ಬೇವಿನ ಸೊಪ್ಪಿನ ಮೇಲೆ ಮಲಗಿಸುತ್ತಿದ್ದ ಕಾಲ ಅದು. ಒಂದು ಸಲವಂತೂ ಮೇಷ್ಟ್ರು ನನ್ನನ್ನು ನಿಜವಾಗಿ ಮನೆಗೆ ಕಳಿಸಿಯೇಬಿಟ್ಟರು. ರಜೆ ಸಿಕ್ಕಿದ ಸಂತೋಷದಲ್ಲಿ ಅವ್ವನನ್ನು ಮಾರನೆಯ ದಿನವೂ ಟ್ರಂಕಿನ ಅಂಗಿಯೇ ಬೇಕೆಂದು ಪೀಡಿಸಿದ್ದೆ.

ದೊಡ್ಡವನಾದ ಮೇಲೆ ಕೆಲಸ ಸಿಕ್ಕಿದ್ದು ಮೇಟಗಳ್ಳಿಯಲ್ಲಿ, ರಬ್ಬರ್ ಪೈಪು, ವಾಷರು ಮಾಡುವ ಕಾರ್ಖಾನೆಯಲ್ಲಿ. ಕಾದ ರಬ್ಬರಿನ ವಾಸನೆಯನ್ನು ನೀವು ಅನುಭವಿಸಿದ್ದೀರೋ ಇಲ್ಲವೋ. ಅದು ಅಂಗಿಗೆ ಹತ್ತುತ್ತದೆ, ಅಂಗಿ ಬಿಚ್ಚಿದರೆ ಮೈಯಲ್ಲಿರುತ್ತದೆ, ಮೈ ತಿಕ್ಕಿದರೆ ತಲೆಕೂದಲಲ್ಲಿ ಸಿಗುತ್ತದೆ. ಮದುವೆಯಾದ ಹೊಸದರಲ್ಲಿ ಸರೋಜ ನನ್ನ ಬಟ್ಟೆಗಳಿಗೆ ಹಿತ್ತಲಲ್ಲಿ ಬೇರೆಯೇ ಒಂದು ಹಗ್ಗ ಕಟ್ಟಿದಳು. ಮೈಸೂರಿನ ಪೇಟೆಯಲ್ಲಿ, ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಹೂವು ಊದುಬತ್ತಿಗಳ ನಡುವೆ ಬೆಳೆದ ಹುಡುಗಿ ಅವಳು. ಅವಳ ಕಷ್ಟ ನನಗೆ ಅರ್ಥವಾಗುತ್ತಿತ್ತು. ಒಂದು ದಿನ ಕಾರ್ಖಾನೆಯಲ್ಲಿ ಊಟದ ಬ್ಯಾಗು ತೆಗೆದರೆ ಟಿಫನ್ ಕ್ಯಾರಿಯರಿನ ಜೊತೆ ಒಂದು ಗಂಟು! ನಮ್ಮ ಶಿಫ್ಟಿನವರೆಲ್ಲ ಸುತ್ತ ಸೇರಿ, "ಏನಪ್ಪಾ, ಮನೆಯಿಂದ ದೇವಸ್ಥಾನನೇ ಹೊತ್ಕಂಡ್ ಬಂದ್ಬುಟ್ಟಿದ್ದೀಯ?" ಎಂದು ಗೋಳು ಹೊಯ್ದುಕೊಂಡರು. ತಿಂಗಳು ಕಳೆಯುವಷ್ಟರಲ್ಲಿ ಅವರಲ್ಲಿ ಅರ್ಧ ಜನ "ಸಿಸ್ಟರ್‌ಗೆ ಹೇಳಿ ನಮಗೂ ಒಂದು ಕಟ್ಸಿಕೊಡಿ" ಎಂದು ಗುಟ್ಟಾಗಿ ಬಂದು ಕೇಳಿದರು.

ಹೀಗೆ ರಬ್ಬರಿಗೂ ಲಾವಂಚಕ್ಕೂ ನಮ್ಮ ಮನೆಯಲ್ಲಿ ಬಹಳ ಕಾಲ ಜಗಳ ನಡೆದು, ನಾನು ರಿಟೈರಾದ ಮೇಲೆ ಲಾವಂಚ ಗೆದ್ದಿತು. ಆದರೆ ನನ್ನ ಮೂಗು ನನಗಿಂತ ಮೊದಲೇ ರಿಟೈರಾಗಿದೆ ಎಂಬುದು ಮನೆಯವರ ತೀರ್ಮಾನ. ಸಾರು ಹಳಸಿದೆಯೋ ಇಲ್ಲವೋ ಎಂದು ನನ್ನನ್ನು ಯಾರೂ ಕೇಳುತ್ತಿರಲಿಲ್ಲ. "ಅಪ್ಪನ್ನ ಕೇಳಿ ಪ್ರಯೋಜನ ಇಲ್ಲ ಬಿಡಮ್ಮ" ಎನ್ನುತ್ತಿದ್ದಳು ಮಗಳು ಸ್ಮಿತಾ. ಮನೆಗೆಲ್ಲ ಮೂಗು ಸರೋಜಳೇ.

ಆ ಮೂಗು ಕಳೆದ ಮಳೆಗಾಲದಲ್ಲಿ ಹೋಗಿಬಿಟ್ಟಿತು.

ಒಂದು ಜ್ವರ ಬಂತು, ನೆಗಡಿಯಾಯಿತು, ಎರಡೂ ವಾಸಿಯಾದವು. ಹೊರಗೆ ಓಡಾಡುವಷ್ಟು ಚೇತರಿಸಿಕೊಂಡ ಮೇಲೆ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಕುಳಿತವಳು ಬಹಳ ಹೊತ್ತು ಕುಡಿಯಲೇ ಇಲ್ಲ.

"ರೀ, ಪುಡಿ ಬದಲಾಯಿಸಿದ್ರಾ?"

"ಇಲ್ವಲ್ಲ. ಅದೇ ಅಂಗಡಿದೇ."

"ಇದ್ರಲ್ಲಿ ಏನೂ ಇಲ್ಲ ಕಣ್ರೀ. ಬಿಸಿ ಇದೆ, ಕಹಿ ಇದೆ. ಕಾಫಿ ಇಲ್ಲ."

ಎದ್ದು ಹೋಗಿ ಇಂಗಿನ ಡಬ್ಬಿ ತೆಗೆದು ಮೂಸಿದಳು. ದೇವರ ಮನೆಯ ಊದುಬತ್ತಿ ಮೂಸಿದಳು. ಬೀರು ತೆರೆದು ಸೀರೆಗಳ ನಡುವೆ ಮುಖವಿಟ್ಟು ನಿಂತಳು. ಆಮೇಲೆ ಬಾಗಿಲು ಮುಚ್ಚಿ, ಏನೂ ಆಗದವಳಂತೆ ತರಕಾರಿ ಹೆಚ್ಚಲು ಕುಳಿತಳು.

ಮೂಗಿನ ಡಾಕ್ಟರು, ನರಕ್ಕೆ ಸುಸ್ತಾಗಿದೆ, ತಾನಾಗಿ ಬರಬಹುದು, ದಿನಾ ಲವಂಗ, ನಿಂಬೆಸಿಪ್ಪೆ, ಗುಲಾಬಿಯಂಥ ಗಟ್ಟಿ ವಾಸನೆಗಳನ್ನು ಮೂಸಿ ಅಭ್ಯಾಸ ಮಾಡಿ ಎಂದರು. ಬರುತ್ತದೆ ಎನ್ನಲಿಲ್ಲ, ಬರಬಹುದು ಎಂದರು. ಸರೋಜ ತಟ್ಟೆಯಲ್ಲಿ ಅವನ್ನೆಲ್ಲ ಇಟ್ಟುಕೊಂಡು, ಜಪ ಮಾಡುವವಳಂತೆ ಕಣ್ಣುಮುಚ್ಚಿ ಒಂದೊಂದನ್ನೇ ಮೂಸುತ್ತಿದ್ದಳು. ಮಳೆಗಾಲ ಹೋಯಿತು, ದಸರಾ ಹೋಯಿತು, ಸಂಕ್ರಾಂತಿ ಬಂತು. ಏನೂ ತಿಳಿಯಲಿಲ್ಲ. ಅವಳು ಸಾರಿಗೆ ಒಗ್ಗರಣೆ ಹಾಕುವಾಗ ಹಾಡಿಕೊಳ್ಳುವುದನ್ನು ಬಿಟ್ಟಳು. "ಹಾಕಿದ್ದು ಹೊತ್ತಿದೆಯೋ ಇಲ್ವೋ ಗೊತ್ತಾಗಲ್ಲ, ಒಲೆ ಮುಂದೆ ಪರೀಕ್ಷೆಗೆ ಕೂತಂಗೆ ಆಗುತ್ತೆ" ಎನ್ನುತ್ತಿದ್ದಳು. ಆ ವರ್ಷ ಗಂಟು ಕಟ್ಟಲಿಲ್ಲ.

ಹೀಗಿರುವಾಗ ಸ್ಮಿತಾ ಮತ್ತು ಅಳಿಯ ಶ್ರೀರಾಂಪುರದ ಹೊಸ ಬಡಾವಣೆಯಲ್ಲಿ ಕಟ್ಟಿಸುತ್ತಿದ್ದ ಮನೆ ಮುಗಿಯುತ್ತ ಬಂತು. ಗೃಹಪ್ರವೇಶಕ್ಕೆ ದಿನ ಗೊತ್ತಾಯಿತು. ಒಂದು ಭಾನುವಾರ ಸ್ಮಿತಾ ಬಂದು, ಬಂದವರಿಗೆ ತಾಂಬೂಲದ ಜೊತೆ ಏನು ಕೊಡುವುದು ಎಂಬ ಮಾತು ತೆಗೆದಳು.

"ಪ್ಲಾಸ್ಟಿಕ್ ಡಬ್ಬಿ ಬೇಡಮ್ಮ. ಎಲ್ಲರಿಗೂ ಸ್ಯಾಶೆ ಕೊಡೋಣ."

"ಗೃಹಪ್ರವೇಶಕ್ಕೆ ಶಾಂಪೂ ಪ್ಯಾಕೆಟ್ಟಾ?" ಎಂದೆ ನಾನು. ನನಗೆ ಗೊತ್ತಿದ್ದ ಸ್ಯಾಶೆ ಎಂದರೆ ಅಂಗಡಿಯ ಮುಂದೆ ತೋರಣದ ಹಾಗೆ ನೇತಾಡುವ ಶಾಂಪೂ ಪ್ಯಾಕೆಟ್ಟು ಮಾತ್ರ.

"ಅಯ್ಯೋ ಅಪ್ಪ! ಬಟ್ಟೆ ಮಧ್ಯೆ ಇಡೋ ಸ್ಯಾಶೆ. ಅಮ್ಮನ ಗಂಟು! ಅಂಗಡೀಲಿ ಅದಕ್ಕೆ ಎಷ್ಟು ರೇಟ್ ಇದೆ ಗೊತ್ತಾ?"

ಸರೋಜ ತಲೆ ಎತ್ತಲಿಲ್ಲ. "ಮೂಗಿಲ್ಲದೋಳು ಏನ್ ಗಂಟು ಕಟ್ತಾಳೆ ಕಣೇ? ಡಬ್ಬೀನೇ ಕೊಡಿ" ಎಂದಳು.

ಸ್ಮಿತಾಳ ಮುಖ ಸಣ್ಣಗಾಯಿತು. ಅದನ್ನು ನೋಡಲಾಗದೆ, ಏನು ಹೇಳುತ್ತಿದ್ದೇನೆಂದು ಯೋಚಿಸುವ ಮೊದಲೇ, "ಮೂಗು ನಾನಾಗ್ತೀನಿ, ಕೈ ನೀನಾಗು" ಎಂದುಬಿಟ್ಟೆ.

ತಾಯಿ ಮಗಳು ಇಬ್ಬರೂ ನನ್ನ ಮೂಗನ್ನೇ ನೋಡಿದರು. ಆಮೇಲೆ ಸರೋಜ ನಕ್ಕಳು. ಬಾಯಿಗೆ ಸೆರಗು ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎಷ್ಟೋ ತಿಂಗಳ ಮೇಲೆ ಆ ನಗು ಕೇಳಿದ್ದು. ಮರ್ಯಾದೆ ಹೋದರೂ ಪರವಾಗಿಲ್ಲ ಎನ್ನಿಸಿತು.

ಮಾರನೆಯ ದಿನವೇ ಸ್ಕೂಟರಿನಲ್ಲಿ ಇಬ್ಬರೂ ಮಾರ್ಕೆಟ್ಟಿನ ಹತ್ತಿರದ ಗ್ರಂಧಿಗೆ ಅಂಗಡಿಗೆ ಹೋದೆವು. ಬೇರು, ಚಕ್ಕೆ, ಒಣಗಿದ ಸೊಪ್ಪು ಎಲ್ಲ ಸಿಗುವ ಅಂಗಡಿ ಅದು. ಸರೋಜ ಲಾವಂಚದ ಒಂದು ಎಳೆ ಮುರಿದು ನನ್ನ ಮೂಗಿಗೆ ಹಿಡಿದಳು.

"ಹೇಗಿದೆ?"

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ ಏನ್ರೀ? ಉಪ್ಪಿಟ್ಟೂ ಚೆನ್ನಾಗಿರುತ್ತೆ. ಸರಿಯಾಗಿ ಹೇಳಿ."

ಇಷ್ಟು ವಯಸ್ಸಾದರೂ ಒಂದು ವಾಸನೆಗೆ ಮಾತು ಹುಡುಕುವ ಪ್ರಸಂಗ ನನಗೆ ಬಂದಿರಲಿಲ್ಲ. ಕಣ್ಣು ಮುಚ್ಚಿ ಇನ್ನೊಮ್ಮೆ ಎಳೆದುಕೊಂಡೆ. ಮೊದಲು ಏನೂ ಇಲ್ಲ. ಆಮೇಲೆ ನಿಧಾನವಾಗಿ, ದೂರದಿಂದ, ಏನೋ ಬಂತು.

"ಬೇಸಿಗೇಲಿ ಗದ್ದೆಗೆ ಮೊದಲನೇ ಸಲ ನಾಲೆ ನೀರು ಬಿಡ್ತಾರಲ್ಲ... ಆಗ ಬದುವಿನ ಮೇಲೆ ನಿಂತಂಗೆ."

ಸರೋಜ ತಲೆಯಾಡಿಸಿ ಅಂಗಡಿಯವರಿಗೆ, "ಇದನ್ನೇ ತೂಗಿ. ಹೊಸ ಬೇರು" ಎಂದಳು. ಆಮೇಲೆ ಕಚೋರ ಹಿಡಿದಳು. "ಶುಂಠಿ ಅಂಗಡಿ ಪಕ್ಕ ಬಾರ್ಬರ್ ಶಾಪ್ ಇದ್ದಂಗಿದೆ" ಎಂದೆ. ಅದೂ ಪಾಸಾಯಿತು. ದವನಕ್ಕೆ "ನಿನ್ನ ಜಡೆ, ಮದುವೆ ದಿನ" ಎಂದು ಬಾಯಿ ತಪ್ಪಿ ಬಂದಾಗ ಅಂಗಡಿಯವರು ಪಕ್ಕಕ್ಕೆ ತಿರುಗಿ ಕೆಮ್ಮಿದರು. ಸರೋಜಳ ಕಿವಿ ಕೆಂಪಾಯಿತು. ಕಡೆಗೆ ಜಟಾಮಾಂಸಿ. ಕಂದುಬಣ್ಣದ, ರೋಮ ರೋಮವಾದ ಬೇರು.

"ಇದು ಕಷ್ಟ ಕಣೇ. ಒದ್ದೆ ಕಂಬಳಿ. ಅದರ ಮೇಲೆ ಯಾರೋ ಜೇನು ಚೆಲ್ಲಿದಾರೆ. ಪಕ್ಕದಲ್ಲಿ ಒಂದು ಮೇಕೆ ನಿಂತಿದೆ."

"ಮೇಕೆ ಜಾಸ್ತಿ ಇದೆಯಾ, ಜೇನು ಜಾಸ್ತಿ ಇದೆಯಾ?"

"ಮೇಕೆ ಬಾಗ್ಲಲ್ಲಿದೆ, ಒಳಗೆ ಬಂದಿಲ್ಲ."

"ಹಾಗಾದ್ರೆ ಒಳ್ಳೇದೇ" ಎಂದು ಅದನ್ನೂ ಕಟ್ಟಿಸಿದಳು. ವಾಪಸ್ಸು ಬರುವಾಗ ಸ್ಕೂಟರಿನ ಹಿಂದೆ ಕೂತವಳು ಒಂದು ಸಲ ನನ್ನ ಹೆಗಲು ತಟ್ಟಿ, "ನಿಮ್ಮ ಮೂಗು ಅಷ್ಟೇನೂ ಹಾಳಾಗಿಲ್ಲ ಕಣ್ರೀ" ಎಂದಳು. ನನಗೆ ಕಾರ್ಖಾನೆಯಲ್ಲಿ ಪ್ರಮೋಷನ್ ಬಂದಾಗಲೂ ಅಷ್ಟು ಖುಷಿಯಾಗಿರಲಿಲ್ಲ.

ಆಮೇಲಿನ ಕೆಲವು ದಿನ ನಮ್ಮ ಮನೆ ಒಂದು ಸಣ್ಣ ಕಾರ್ಖಾನೆಯಾಯಿತು. ಹೊದಿಕೆಗೆ ಬಟ್ಟೆ ತರುವ ಕೆಲಸವೇ ಬೀಳಲಿಲ್ಲ. ನಿಮ್ಮ ಮನೆಯಲ್ಲೂ ಇದ್ದೇ ಇರುತ್ತದೆ, ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಕೊಟ್ಟ ರವಿಕೆ ಕಣಗಳ ರಾಶಿ. ಯಾರೂ ಹೊಲಿಸದೆ, ಒಂದು ಮನೆಯಿಂದ ಇನ್ನೊಂದು ಮನೆಗೆ ಊರೆಲ್ಲ ಸುತ್ತುತ್ತಿರುತ್ತವಲ್ಲ, ಅವು. ಹಸಿರು, ಕುಂಕುಮ, ನೇರಳೆ, ಗಿಳಿ ಬಣ್ಣ. "ಪಾಪ, ಇವುಗಳ ತಿರುಗಾಟ ಇಲ್ಲಿಗೆ ಮುಗೀತು" ಎಂದು ಸರೋಜ ಒಂದೊಂದನ್ನೇ ಕತ್ತರಿಸಿ ಹೊಲಿಗೆ ಮಿಷನ್ನಿಗೆ ಕೊಟ್ಟಳು. ಒಳಚೀಲಕ್ಕೆ ನನ್ನ ಎರಡು ಪಂಚೆಗಳು ಬಲಿಯಾದವು. ಅದರಲ್ಲಿ ಒಂದು ನಾನು ಇನ್ನೂ ಉಡುತ್ತಿದ್ದದ್ದು. ಅವಳು ಕುಟ್ಟಿ ಬೆರೆಸುವುದು, ನಾನು ಮೂಸಿ ವರದಿ ಒಪ್ಪಿಸುವುದು. "ಲವಂಗ ಮುಂದೆ ಬಂದು ನಿಂತಿದೆ, ಬೇರೆಯವರಿಗೆ ಜಾಗ ಬಿಡ್ತಿಲ್ಲ" ಎಂದರೆ ಒಂದು ಹಿಡಿ ಲಾವಂಚ ಬೀಳುತ್ತಿತ್ತು. ಹೀಗೆ ಕಡೆಗೊಂದು ಸಂಜೆ "ಈಗ ಎಲ್ಲರೂ ಒಂದೇ ಜಮಖಾನದ ಮೇಲೆ ಕೂತಿದಾರೆ" ಎಂದೆ. ಅವಳು ಕೈ ಒರೆಸಿಕೊಂಡು, ಬೋಗುಣಿಗೆ ಮುಖವಿಟ್ಟು ಉಸಿರೆಳೆದುಕೊಂಡಳು. ಅವಳ ಮುಖವನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ, "ನೀವು ಹೇಳಿದ್ರೆ ಸರಿ" ಎಂದು ತುಂಬಲು ಶುರು ಮಾಡಿದಳು.

ಹೊಲಿದು ಮುಗಿಸಿದ ಗಂಟುಗಳನ್ನು ಮೊರಗಳಲ್ಲಿ ಹರಡಿ, ಗಾಳಿಯಾಡಲೆಂದು ಮಹಡಿಯ ಕೋಣೆಯಲ್ಲಿ ಕಿಟಕಿ ತೆರೆದಿಟ್ಟೆವು. ಗೃಹಪ್ರವೇಶಕ್ಕೆ ಇನ್ನು ಮೂರೇ ದಿನ.

ಬೆಳಿಗ್ಗೆ ಮೇಲೆ ಹೋಗಿ ಬಾಗಿಲು ತೆರೆದವನು ಅಲ್ಲೇ ನಿಂತುಬಿಟ್ಟೆ. ಕೋಣೆಯ ತುಂಬ ಬೆಕ್ಕುಗಳು! ಎದುರು ಮನೆ ಜಯಮ್ಮನವರ ಕರಿಯ, ಹಿಂದಿನ ಬೀದಿಯ ಕಂದು ಬೆಕ್ಕು, ನಾನು ಎಂದೂ ನೋಡಿರದ ಒಂದು ಪಟ್ಟೆಪಟ್ಟೆಯದು, ಇನ್ನೂ ಯಾರ್ಯಾರೋ. ಒಂದು ಗಂಟನ್ನು ಅಪ್ಪಿಕೊಂಡು ಉರುಳುತ್ತಿತ್ತು. ಇನ್ನೊಂದು ಮೊರದೊಳಗೆ ಅಂಗಾತ ಮಲಗಿ, ಕಾಲು ಮೇಲೆ ಮಾಡಿ, ಜೊಲ್ಲು ಸುರಿಸುತ್ತಿತ್ತು. ನಾನು ಹೋಯ್ ಎಂದರೆ ಕರಿಯ ಮತ್ತೇರಿದವನ ಹಾಗೆ ನನ್ನತ್ತ ಅರೆಗಣ್ಣು ಬಿಟ್ಟು ಮತ್ತೆ ಮುಚ್ಚಿಕೊಂಡಿತು. ಜಟಾಮಾಂಸಿ ಕಂಡರೆ ಬೆಕ್ಕುಗಳಿಗೆ ಹುಚ್ಚು ಹಿಡಿಯುತ್ತದೆಂದು ಆಮೇಲೆ ಅಂಗಡಿಯವರು ನಗುತ್ತ ಹೇಳಿದರು. ಬೀರುವಿನ ಬಾಗಿಲ ಹಿಂದೆ ಇದ್ದಷ್ಟು ದಿನ ಈ ಗುಟ್ಟು ನಮಗೆ ಗೊತ್ತಾಗಿರಲಿಲ್ಲ.

ಪೊರಕೆ ಹಿಡಿದು ಎಲ್ಲವನ್ನೂ ಕಿಟಕಿಯಿಂದ ಓಡಿಸಿದೆ. ಆದರೆ ಹೋಗುವ ಮುಂಚೆ ಕರಿಯ ಒಂದು ಮೊರಕ್ಕೆ ಬೆನ್ನು ತಿರುಗಿಸಿ, ಬಾಲ ಎತ್ತಿ, ಇದು ನನ್ನದು ಎಂದು ರುಜು ಹಾಕಿಯೇ ಹೋಯಿತು. ನನಗೆ ಅಳುವೇ ಬಂತು. ಸರೋಜಳಿಗೆ ಹೇಗೆ ಹೇಳಲಿ ಎಂದು ತಿರುಗುವಷ್ಟರಲ್ಲಿ ಗಲಾಟೆ ಕೇಳಿ ಅವಳೇ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು.

"ಥೂ! ಏನ್ರೀ ಇದು, ಬೆಕ್ಕಿನ ಉಚ್ಚೆ ನಾತ!"

"ಹ್ಞೂಂ ಕಣೇ, ಆ ಕರಿಯನದೇ ಕೆಲಸ. ಒಂದು ಮೊರ ಪೂರ್ತಿ..." ಎನ್ನುತ್ತಿದ್ದವನು ನಿಲ್ಲಿಸಿದೆ.

ಅವಳೂ ನಿಂತಿದ್ದಳು. ಮೂಗು ಮುಚ್ಚಿಕೊಳ್ಳಲು ಎತ್ತಿದ ಸೆರಗು ಅರ್ಧದಲ್ಲೇ ಉಳಿದಿತ್ತು.

"ಸರೋಜ... ಏನಂದೆ?"

"ಜರುಗಿ" ಎಂದಳು. ನನ್ನನ್ನು ತಳ್ಳಿಕೊಂಡು ಬಂದು ಆ ಮೊರದ ಮುಂದೆ ಮಂಡಿಯೂರಿದಳು. ಒದ್ದೆಯಾದ ಗಂಟೊಂದನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು. "ಥೂ" ಎಂದಳು. ಇನ್ನೊಂದು ಸಲ ಹಿಡಿದಳು. "ಥೂ, ಥೂ! ಅಯ್ಯೋ, ಎಂಥಾ ಗಬ್ಬು ರೀ!" ಎಂದು ಅಳುತ್ತಲೋ ನಗುತ್ತಲೋ ನನ್ನ ಕೈ ಹಿಡಿದುಕೊಂಡಳು. ಇಬ್ಬರೂ ಆ ನಾತದ ಮಧ್ಯೆ ನೆಲದ ಮೇಲೆ ಕುಳಿತು ಹುಚ್ಚರ ಹಾಗೆ ನಕ್ಕೆವು.

ಅಷ್ಟರಲ್ಲಿ ಜಯಮ್ಮನವರು ಓಡಿ ಬಂದರು. "ಅಯ್ಯೋ ಸಾರ್, ನಮ್ ಕರಿಯ ಎಲ್ಲಾ ಹಾಳ್ ಮಾಡ್ಬುಟ್ನಂತೆ? ನಾನೇ ಕ್ಲೀನ್ ಮಾಡ್ಕೊಡ್ತೀನಿ, ಬೇಜಾರ್ ಮಾಡ್ಕೋಬೇಡಿ ಸರೋಜಮ್ಮ."

ಸರೋಜ ಎದ್ದು ಅವರನ್ನು ತಬ್ಬಿಕೊಂಡಳು. "ಬೈಬೇಡಿ ಜಯಮ್ಮ ಅವನ್ನ. ಇವತ್ತು ನಿಮ್ಮ ಕರಿಯಂಗೆ ಮೀನು ನಂದು!"

ಜಯಮ್ಮನವರು ನನ್ನ ಮುಖ ನೋಡಿದರು. ಗಂಟು ಹಾಳಾದ ದುಃಖಕ್ಕೆ ಇವರಿಗೆ ತಲೆ ಕೆಟ್ಟಿದೆ ಎಂದೇ ಅವರು ಆ ದಿನ ಅಂದುಕೊಂಡಿದ್ದರಂತೆ.

ಬಂದದ್ದು ಅಷ್ಟೇ ಎಂದು ಸಂಜೆಯ ಹೊತ್ತಿಗೆ ತಿಳಿಯಿತು. ಇಂಗು ಸ್ವಲ್ಪ ಗೊತ್ತಾಗುತ್ತಿತ್ತು, ಮೋರಿಯ ವಾಸನೆ ಚೆನ್ನಾಗಿಯೇ ಗೊತ್ತಾಗುತ್ತಿತ್ತು. ಮಲ್ಲಿಗೆ ಇಲ್ಲ, ಕಾಫಿ ಇಲ್ಲ. ಚೆನ್ನಾಗಿ ಉಳಿದಿದ್ದ ಗಂಟೊಂದನ್ನು ಹಿಡಿದು ಎಷ್ಟು ಹೊತ್ತು ಕುಳಿತರೂ ಅದು ಬರಲಿಲ್ಲ. "ಕೆಟ್ಟವರು ಮೊದಲು ಬಂದು ಜಾಗ ಹಿಡಿದಿದಾರೆ, ಒಳ್ಳೆಯವರು ನಿಧಾನಕ್ಕೆ ಬರ್ತಾರೆ ಬಿಡಿ" ಎಂದು ನನಗೇ ಸಮಾಧಾನ ಹೇಳಿದಳು. ಮರುದಿನವೆಲ್ಲ ಹಾಳಾದ ಗಂಟುಗಳ ಬದಲಿಗೆ ಹೊಸದಾಗಿ ಮಾಡಿದೆವು. ಬೆಕ್ಕು ಸಾಕಿದ ಮನೆಗಳಿಗೆಂದು ಜಟಾಮಾಂಸಿ ಇಲ್ಲದವನ್ನು ಬೇರೆಯೇ ಇಟ್ಟೆವು. ಒಗ್ಗರಣೆ ಹಾಕುವಾಗ ಅವಳು ಮೆಲ್ಲಗೆ ಹಾಡಿಕೊಳ್ಳುತ್ತಿದ್ದುದು ಹೊಲಿಗೆ ಮಿಷನ್ನಿನ ಮುಂದೆ ಕೂತ ನನಗೆ ಕೇಳಿಸಿತು.

ಗೃಹಪ್ರವೇಶದ ಬೆಳಿಗ್ಗೆ ಶ್ರೀರಾಂಪುರದ ಮನೆಯ ತುಂಬ ಹೊಸ ಪೇಂಟಿನ ವಾಸನೆ, ಹೋಮದ ಹೊಗೆ, ಮಾವಿನ ಸೊಪ್ಪು, ಜನ. ಪುರೋಹಿತರು ಮುಹೂರ್ತ ಮೀರುತ್ತದೆ ಎಂದು ಅವಸರ ಮಾಡಿ, ಹಾಲು ಉಕ್ಕಿಸಲು ಎಲ್ಲರನ್ನೂ ಅಡುಗೆಮನೆಗೆ ಕರೆದರು. ಹೊಸ ಒಲೆಯ ಮೇಲೆ ಹೊಸ ಪಾತ್ರೆ. ಸ್ಮಿತಾ, ಅಳಿಯ, ಬೀಗರು, ನಾನು, ನಮ್ಮ ಹಿಂದೆ ಕತ್ತು ಚಾಚಿಕೊಂಡು ನಿಂತ ನೆಂಟರು. ಯಾವ ದಿಕ್ಕಿಗೆ ಉಕ್ಕುತ್ತದೋ ಎಂದು ಎಲ್ಲರ ಕಣ್ಣೂ ಪಾತ್ರೆಯ ಮೇಲೆ. ಹಾಲು ಮಾತ್ರ ನಮ್ಮ ಅವಸರವೆಲ್ಲ ತನಗೆ ಸಂಬಂಧವಿಲ್ಲವೆಂಬಂತೆ ಸುಮ್ಮನಿತ್ತು. ನೋಡಿ ನೋಡಿ ಬೇಸರವಾಗಿ ಜನ ಪೇಂಟಿನ ಬಣ್ಣ, ಟೈಲ್ಸಿನ ರೇಟು ಎಂದು ಮಾತಿಗೆ ಶುರುವಿಟ್ಟರು. ಬೀಗಿತ್ತಿ ಸ್ಮಿತಾಳ ಸೀರೆಯ ನೆರಿಗೆ ಸರಿ ಮಾಡಲು ಬಗ್ಗಿದರು. ಸರೋಜ ಅಲ್ಲಿರಲಿಲ್ಲ. ಬಂದವರಿಗೆ ಕೊಡುವ ಗಂಟುಗಳನ್ನು ಬುಟ್ಟಿಗೆ ಜೋಡಿಸಿ ತರುತ್ತೇನೆಂದು ಹಜಾರದ ಆಚೆಯ ಕೋಣೆಗೆ ಹೋದವಳು ಇನ್ನೂ ಬಂದಿರಲಿಲ್ಲ. ಅಲ್ಲಿಂದ ಅಡುಗೆಮನೆಯ ಬಾಗಿಲೇ ಕಾಣುವುದಿಲ್ಲ, ಒಲೆಯ ಮಾತು ಹಾಗಿರಲಿ.

"ಸ್ಮಿತಾ, ಹಾಲು ಬಂತು ನೋಡೇ! ಕಾದ ಹಾಲಿನ ವಾಸ್ನೆ ಇಲ್ಲೀವರೆಗೂ ಬರ್ತಿದೆ!"

ಎಲ್ಲರೂ ಮಾತು ನಿಲ್ಲಿಸಿ ಒಲೆಯ ಕಡೆ ತಿರುಗಿದರು. ಬಿಳಿಯ ಕೆನೆ ಗುಮ್ಮಟದ ಹಾಗೆ ಎದ್ದು, ಪಾತ್ರೆಯ ಅಂಚು ಮುಟ್ಟಿ, ಪೂರ್ವಕ್ಕೆ ಉಕ್ಕಿ ಹರಿಯಿತಂತೆ. ಹೆಂಗಸರು ಓಹೋ ಎಂದರು, ಯಾರೋ ಗಂಟೆ ಬಾರಿಸಿದರು, ಸ್ಮಿತಾ "ಅಪ್ಪಾ, ಅಮ್ಮ..." ಎಂದು ನನ್ನ ತೋಳು ಹಿಡಿದು ಅಲ್ಲಾಡಿಸಿದಳು. ಅಂತೆ ಎಂದದ್ದು ಯಾಕೆಂದರೆ, ಉಕ್ಕಿದ್ದನ್ನು ನಾನು ನೋಡಲೇ ಇಲ್ಲ. ನಾನು ನೋಡುತ್ತಿದ್ದದ್ದು ಬಾಗಿಲ ಕಡೆ. ಸೊಂಟದ ಮೇಲೆ ಬುಟ್ಟಿ ಇಟ್ಟುಕೊಂಡು, ಜನರನ್ನು ಸರಿಸಿಕೊಂಡು ಬಂದ ಸರೋಜ, ತಾನು ಏನು ಹೇಳಿದೆನೆಂದು ತನಗೇ ಇನ್ನೂ ತಿಳಿಯದೆ, ನನ್ನನ್ನು ಕಂಡು ಗದರಿದಳು.

"ಏನ್ರೀ, ನನ್ನ ನೋಡ್ಕೊಂಡು ನಿಂತಿದ್ದೀರ? ಹಾಲು ನೋಡ್ರೀ, ಹಾಲು!"